ಗೋಡೆಯ ಮೇಲಿನ ಇಪ್ಪತ್ತಾರು

ಸ್ಕ್ರೂ ತಲೆಯನ್ನು ಬಣ್ಣ ನುಂಗಿಬಿಟ್ಟಿದೆ, ಪೇಂಟರ್ ಮಹಾಶಯ ಏಸಿಯ ಥರ್ಮೋಸ್ಟಾಟ್ ಡಬ್ಬಿ ಬಿಚ್ಚುವ ಗೋಜಿಗೇ ಹೋಗದೆ ಗೋಡೆಗೂ ಅದರ ಅಂಚಿಗೂ ಸೇರಿಸಿ ಬಳಿದುಬಿಟ್ಟಿದ್ದಾನೆ, ಸೋಮಾರಿ, ಬಿಚ್ಚಿದ್ದರೆ ಅವನೇ ಮೊದಲು ನೋಡಿರುತ್ತಿದ್ದ, ನೋಡಿ ಎಲ್ಲರೆದುರು ಡಂಗುರ ಹೊಡೆದಿರುತ್ತಿದ್ದ, ಹಾಗಾದರೆ ಆ ಸೋಮಾರಿತನಕ್ಕೆ ಕೈ ಮುಗಿಯಬೇಕು — ಬ್ಲೇಡಿನ ತುದಿಯಿಂದ ಬಣ್ಣ ಕೆರೆಯುತ್ತ ಏಸಿ ಮೆಕ್ಯಾನಿಕ್ ಬೇಕೆಂದೇ ನಿಧಾನ ಮಾಡುತ್ತಿದ್ದ, ಪಕ್ಕದಲ್ಲಿ ಅಟೆಂಡರ್ ಧೂಳು ನೆಲಕ್ಕೆ ಬೀಳದ ಹಾಗೆ ಹಳೆಯ ಪೇಪರ್ ಹಿಡಿದು ನಿಂತಿದ್ದಾನೆ, ಇವನಿಗೆ ಬೇರೆ ಕೆಲಸವೇ ಇಲ್ಲವೆ, ಹೋಗಿ ಟೀ ಕುಡಿಯಬಾರದೆ. ಹಿಂದೆ ಹನ್ನೆರಡು ಟೇಬಲ್ಲು, ಹನ್ನೆರಡು ಹೆಡ್‌ಫೋನು, ಹನ್ನೆರಡು ಹೆಂಗಸರು, ಎಲ್ಲೆಲ್ಲಿಯ ಆಸ್ಪತ್ರೆಯ ಡಾಕ್ಟರುಗಳೋ ಗೊಣಗಿದ್ದನ್ನು ಕಿವಿಯಲ್ಲಿ ತುಂಬಿಕೊಂಡು ಬೆರಳಲ್ಲಿ ಇಳಿಸುತ್ತಿರುವವರು, ಕೀಲಿಮಣೆಗಳ ಪಟಪಟ ಸದ್ದು ಬೆನ್ನಿಗೇ ತಾಗಿದ ಹಾಗೆ, ಮೂರನೇ ಟೇಬಲ್ಲಿನಲ್ಲಿ ಅವನ ಹೆಂಡತಿ. ಭಾನುವಾರ ಬರುತ್ತೇನೆ ಅಂದಿದ್ದ, ಭಾನುವಾರ ಯಾರೂ ಇರುವುದಿಲ್ಲ, ಸದ್ದಿಲ್ಲದೆ ಮುಗಿಸಬಹುದಿತ್ತು, ಮಾಲೀಕನಿಗೆ ಅದೆಲ್ಲಿಯ ಅವಸರವೋ, ನಾಳೆ ದೊಡ್ಡ ಗಿರಾಕಿಗಳು ಬರ್ತಿದಾರೆ ಕಣಯ್ಯಾ, ಗೋಡೆಗೆಲ್ಲ ಹೊಸ ಬಣ್ಣ ಹೊಡ್ಸಿ ಆ ಹಳದಿ ಡಬ್ಬಿ ಒಂದು ಬಿಟ್ರೆ ಹೆಂಗೆ, ಇವತ್ತೇ ಬಂದು ಬದಲಾಯ್ಸು, ಹೊಸದನ್ನೂ ಅದೇ ಥರ ಹಾಕು, ಗೊತ್ತಲ್ಲ, ಅದೇ ಥರ. ಗೊತ್ತಿಲ್ಲದೆ ಏನು. ಬೆಳಿಗ್ಗೆ ಅವಳಿಗೆ ಹೇಳಿದಾಗ ಅವಳು ಜಡೆ ಹೆಣೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಅಯ್ಯೋ ತೆಗೀತೀರಾ, ತೆಗೆದು ಎಸೀಬೇಡಿ ರೀ, ನನಗೆ ಬೇಕು, ಒಂಬತ್ತು ವರ್ಷ ಕಾಪಾಡಿದೆ ನನ್ನ, ಅಂದಿದ್ದಳು.

ಕಾಪಾಡಿದೆಯಂತೆ. ಒಂಬತ್ತು ವರ್ಷದ ಹಿಂದೆ ಅವಳ ಬಲಭುಜ ಮೇಲಕ್ಕೇ ಏಳುತ್ತಿರಲಿಲ್ಲ, ತಲೆ ಬಾಚಿಕೊಳ್ಳಲು ಅವನೇ ಬೇಕಿತ್ತು, ಗಾಳಿ ನೇರ ನನ್ನ ಹೆಗಲಿಗೇ ಬಡಿಯುತ್ತೆ, ಬೆರಳು ಮರಗಟ್ಟಿ ತಪ್ಪು ಟೈಪ್ ಆಗುತ್ತೆ, ನೀವೇ ಅಲ್ವಾ ಅಲ್ಲಿ ಏಸಿ ನೋಡ್ಕೊಳ್ಳೋದು, ಒಂದು ಮಾತು ಹೇಳ್ಬಾರ್ದಾ. ಹೇಳಿದ, ಹೇಳಲಿಲ್ಲ ಅಂತೇನಿಲ್ಲ, ಮಾಲೀಕನ ಕ್ಯಾಬಿನ್ನಿನಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತು ಹೇಳಿದ, ಸಾರ್ ಏಸಿ ಇಪ್ಪತ್ತು ಡಿಗ್ರೀಲಿ ಇಟ್ರೆ ತುಂಬ ತಣ್ಣಗಾಗುತ್ತೆ, ಹೆಂಗಸರು ಕಷ್ಟಪಡ್ತಾರೆ. ಮಾಲೀಕ ನಕ್ಕ. ಒಬ್ಬಳಿಗೆ ಚಳಿ, ಒಬ್ಬಳಿಗೆ ಸೆಖೆ, ಇವರ ಮಾತು ಕೇಳ್ತಾ ಕೂತ್ರೆ ನಾನು ಕೆಲಸ ಮಾಡಿಸ್ದಂಗೇ, ತಣ್ಣಗಿದ್ರೆ ಯಾರೂ ತೂಕಡ್ಸಲ್ಲ, ಒಂದು ಕೆಲಸ ಮಾಡು, ಹಾಲ್‌ನಲ್ಲಿ ಗೋಡೆಗೆ ಚಳಿ ಹೆಚ್ಚು ಕಮ್ಮಿ ಮಾಡೋ ಒಂದು ಥರ್ಮೋಸ್ಟಾಟ್ ಜಡಿ, ವೈರ್ ಕೊಡಬೇಡ, ಒತ್ಕೊಂಡು ಖುಷಿಯಾಗಿರ್ಲಿ. ನಿಜವಾದದ್ದು ಮಾಲೀಕನ ಕುರ್ಚಿಯ ಹಿಂದೆ, ಬೀಗ ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಅದರಿಂದ ಹೊರಟ ತೆಳು ತಂತಿಗಳು ಚಾವಣಿಯ ಮೇಲಿನ ಪೆಟ್ಟಿಗೆಗೆ, ಅಲ್ಲಿ ಹೆಬ್ಬೆಟ್ಟಿನಷ್ಟು ರಿಲೇ, ರಿಲೇ ಹೇಳಿದರೆ ಮುಷ್ಟಿಯಷ್ಟು ಕಾಂಟ್ಯಾಕ್ಟರ್ ಅನ್ನುವ ಸ್ವಿಚ್ಚು, ಕಾಂಟ್ಯಾಕ್ಟರ್ ಕೂಡಿಕೊಂಡರೆ ಕಿಟಕಿಯಾಚೆ ಕಟ್ಟೆಯ ಮೇಲಿನ ಕಂಪ್ರೆಸರ್ ಮೊರೆಯುತ್ತದೆ — ಎಲ್ಲ ಅವನೇ ಜೋಡಿಸಿದ್ದು, ಕಣ್ಣು ಕಟ್ಟಿದರೂ ಯಾವ ತಂತಿ ಎಲ್ಲಿಗೆ ಅಂತ ಹೇಳಬಲ್ಲ, ಎಲ್ಲವನ್ನೂ ಬಲ್ಲ, ಆಗಲ್ಲ ಸಾರ್ ಅನ್ನುವ ಎರಡೇ ಎರಡು ಮಾತು ಬಿಟ್ಟು. ಜಡಿದ. ಸುಮ್ಮನೆ ಜಡಿದಿದ್ದರೆ ಆಗುತ್ತಿತ್ತು, ಅಷ್ಟಕ್ಕೇ ಬಿಟ್ಟಿದ್ದರೆ ವಾರದಲ್ಲೇ ಗುಟ್ಟು ಬಯಲಾಗುತ್ತಿತ್ತು, ಆದರೆ ಕೈಚಳಕ ಸುಮ್ಮನಿರಬೇಕಲ್ಲ, ಒಳ್ಳೆಯ ಕಂಪನಿಯದನ್ನೇ ತಂದ, ಒತ್ತಿದರೆ ಹಸಿರು ಬೆಳಕು ಬರುವಂಥದ್ದು, ಒಳಗಿನ ಪುಟ್ಟ ರಿಲೇ ಟಿಕ್ ಅನ್ನುವಂಥದ್ದು, ರೂಮಿನ ನಿಜವಾದ ಉಷ್ಣತೆ ಕಾಣಿಸಿದರೆ ಅನುಮಾನ ಬಂದೀತು ಅಂತ ಸೆಟ್ಟಿಂಗಿಗೆ ಹೋಗಿ ಅದನ್ನು ಮುಚ್ಚಿಟ್ಟ, ಇಟ್ಟ ನಂಬರ್ ಮಾತ್ರ ಕಾಣುವ ಹಾಗೆ ಮಾಡಿದ, ವರ್ಷಕ್ಕೊಮ್ಮೆ ಸರ್ವೀಸ್ ನೆಪದಲ್ಲಿ ಬಂದು ಎರಡು ಸಣ್ಣ ಸೆಲ್ಲು ಬದಲಾಯಿಸಿ ಹೋಗುತ್ತಿದ್ದ. ಇಷ್ಟು ನಾಜೂಕಾಗಿ ಅವನು ನಿಜವಾದ ಕೆಲಸವನ್ನೂ ಮಾಡಿರಲಿಕ್ಕಿಲ್ಲ. ಮೊದಲ ದಿನ ಸಂಜೆ ಅವಳು ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ, ಇಪ್ಪತ್ತಾರಕ್ಕೆ ಇಟ್ಟೆ ರೀ, ಹತ್ತೇ ನಿಮಿಷ, ಬೆಚ್ಚಗಾಗೋಯ್ತು, ನೋಡಿ ಕೈ ಎಷ್ಟು ಎತ್ತುತೀನಿ, ಅಂತ ಬಾಗಿಲಲ್ಲೇ ಕೈ ಎತ್ತಿ ತೋರಿಸಿದಳು, ನಿಜಕ್ಕೂ ಎತ್ತಿದಳು, ಕಿವಿಯವರೆಗೆ ಬಂತು, ಆಗಲಾದರೂ ಹೇಳಬಹುದಿತ್ತು, ನಗುನಗುತ್ತಲೇ ಹೇಳಬಹುದಿತ್ತು, ಲೇ ಅದು ಸುಮ್ಮನೆ ಕಣೇ ಅಂತ, ಇಬ್ಬರೂ ಮಾಲೀಕನನ್ನು ಬೈದುಕೊಂಡು ಊಟ ಮಾಡಬಹುದಿತ್ತು. ಅವನು ಹೇಳಿದ್ದು, ನೋಡು, ನನ್ನ ಕೆಲಸ ಅಂದ್ರೆ ಹಾಗೆ.

ಥೂ. ಬಣ್ಣದ ಪದರ ಕಿತ್ತು ಬಂತು, ಕೆಳಗಿನ ಸ್ಕ್ರೂ ಕಂಡಿತು, ಇನ್ನೆರಡು ನಿಮಿಷ. ಇಲ್ಲಿ ಅವಳಿಗೆ ಒಬ್ಬಳು ಗೆಳತಿಯಿದ್ದಳು, ಅವಳ ಬಾಯಿಂದ ಮಾತು ಬಂತೆಂದರೆ ಅದೇ ಕೊನೆಯ ಮಾತು ಅಂತ ಎಲ್ಲರೂ ಫುಲ್‌ಸ್ಟಾಪ್ ಅಕ್ಕ ಅನ್ನುತ್ತಿದ್ದರು, ಒಂದೇ ಡಬ್ಬಿಯಲ್ಲಿ ಊಟ, ಒಂದೇ ಬಸ್ಸಿನಲ್ಲಿ ಪ್ರಯಾಣ, ಇವಳಿಗೆ ಜ್ವರ ಬಂದರೆ ಮನೆಗೆ ಬಂದು ಅಡುಗೆ ಮಾಡಿಟ್ಟು ಅವನಿಗೂ ಎರಡು ಬೈದು ಹೋಗುತ್ತಿದ್ದಳು. ಅವಳು ಕಿಲಾಡಿ. ಒಂದು ದಿನ ಮನೆಯಿಂದ ಸಣ್ಣದೊಂದು ಥರ್ಮಾಮೀಟರ್ ತಂದು ಟೇಬಲ್ ಮೇಲಿಟ್ಟು ಮಧ್ಯಾಹ್ನದವರೆಗೆ ನೋಡಿದಳಂತೆ, ಆಮೇಲೆ ಎಲ್ಲರ ಮುಂದೆ, ಇದು ಆಟದ ಸಾಮಾನು ಕಣ್ರೇ, ಇದಕ್ಕೂ ಮಿಶಿನ್‌ಗೂ ಸಂಬಂಧಾನೇ ಇಲ್ಲ, ನಿನ್ನ ಗಂಡ ನಮ್ಮೆಲ್ಲರ ಕಿವಿ ಮೇಲೆ ಹೂ ಇಟ್ಟಿದಾನೆ, ಅಂದಳಂತೆ, ಇವಳು ಉರಿದುಬಿದ್ದಳು, ಜನ್ಮದಲ್ಲಿ ಒಂದು ಜೋರು ಮಾತಾಡದವಳು ಎದ್ದುನಿಂತು ಕೂಗಿದಳು, ನನ್ನ ಗಂಡನ ಕೈಕೆಲಸದ ಬಗ್ಗೆ ಇನ್ನೊಂದು ಮಾತಾಡಿದ್ರೆ ನೋಡು, ನಿನ್ನ ಮುಖ ನೋಡಲ್ಲ. ನೋಡಲಿಲ್ಲ. ಡಬ್ಬಿ ಬೇರೆಯಾಯಿತು, ಬಸ್ಸು ಬೇರೆಯಾಯಿತು, ವರ್ಷ ತುಂಬುವುದರೊಳಗೆ ಆಕೆ ಕೆಲಸವನ್ನೇ ಬಿಟ್ಟಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಇವಳು ಎಲ್ಲವನ್ನೂ ಅವನಿಗೆ ಒಪ್ಪಿಸಿದಳು, ಹೆಮ್ಮೆಯಿಂದ, ಕಣ್ಣಲ್ಲಿ ನೀರು ತುಂಬಿಕೊಂಡು, ಅವನು ಏನಂದ, ಹೋಗ್ಲಿ ಬಿಡು, ಹೊಟ್ಟೆಕಿಚ್ಚು ಅವಳಿಗೆ, ಅಂದ. ಅಂದನಲ್ಲ! ಆ ಮಾತು ಆಡುವಾಗ ನಾಲಿಗೆ ಬಿದ್ದುಹೋಗಬಾರದಿತ್ತೆ. ಹೋದ ತಿಂಗಳು ಬಸ್‌ಸ್ಟಾಪಿನಲ್ಲಿ ಆಕೆ ಎದುರಾದಳಂತೆ, ಕೂದಲೆಲ್ಲ ಬೆಳ್ಳಗಾಗಿದೆ ರೀ, ನಗೋಕೆ ಬಂದ್ಲು, ನಾನು ಆ ಕಡೆ ತಿರುಗಿಕೊಂಡೆ, ಅಂದ ಇವಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಮಾತಾಡಿಸ್ಬೇಕಿತ್ತೇನೋ, ಆದ್ರೆ ನಿಮ್ಮನ್ನ ಹಾಗಂದವಳು, ಅಂತ ಪಾತ್ರೆ ತೊಳೆಯಲು ಹೋದಳು, ನಲ್ಲಿಯ ನೀರು ತುಂಬ ಹೊತ್ತು ಹರಿಯುತ್ತಲೇ ಇತ್ತು. ಅವನು ಆಗಲೂ ಬಾಯಿ ಬಿಡುವ ಬದಲು ತಂತಿ ಎಳೆಯುತ್ತೇನೆ ಅಂದುಕೊಂಡ, ಮಾಲೀಕ ಹಾಳಾಗಿಹೋಗಲಿ, ಈ ಸಲ ನಿಜವಾಗಿ ಜೋಡಿಸುತ್ತೇನೆ, ಅವನ ಬೀಗದ ಪೆಟ್ಟಿಗೆಯಿಂದ ಹೊರಡುವ ತಂತಿಯನ್ನು ಚಾವಣಿಯ ಮೇಲೇ ಬಿಡಿಸಿ, ಇಲ್ಲಿಂದ ಹೋಗುವ ತಂತಿಯನ್ನು ಅಲ್ಲಿ ಸೇರಿಸುತ್ತೇನೆ, ಅವನು ಕುರ್ಚಿಯ ಹಿಂದೆ ಕೂತು ಒತ್ತಿಕೊಂಡು ಖುಷಿಯಾಗಿರಲಿ, ಭಾನುವಾರ ಒಂದು ಗಂಟೆಯ ಕೆಲಸ, ಸೋಮವಾರದಿಂದ ಅವಳು ನಂಬಿದ್ದೆಲ್ಲ ನಿಜ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೇಡಿಯ ತಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆದೀತೆ. ಮತ್ತೆ ನೋಡಿದರೆ ಇವತ್ತು ಬುಧವಾರ, ಮಧ್ಯಾಹ್ನ ಮೂರು ಗಂಟೆ, ಹಾಲ್ ತುಂಬ ಜನ.

ಎರಡನೆಯ ಸ್ಕ್ರೂ ಬಿಚ್ಚಿತು. ಅಂಗೈ ಅಡ್ಡ ಹಿಡಿದು, ಬೆನ್ನಿನಿಂದ ಮರೆ ಮಾಡಿ, ಎಳೆದ ಕೂಡಲೇ ಜೇಬಿಗೆ ಹಾಕಿ ಹೊಸದರ ತಳವನ್ನು ಒತ್ತಿಬಿಡುವುದು, ಲೆಕ್ಕಾಚಾರ ಎಲ್ಲ ಸರಿಯಾಗಿಯೇ ಇತ್ತು, ಡಬ್ಬಿ ಬಣ್ಣದ ಜೊತೆ ಚರ್ ಅಂತ ಕಿತ್ತುಬಂದು ಕೈ ತಪ್ಪಿ ಅಟೆಂಡರ್ ಹಿಡಿದಿದ್ದ ಪೇಪರಿನ ಮೇಲೆ ಮುಖ ಕೆಳಗಾಗಿ ಬಿತ್ತು. ಆ ಮನುಷ್ಯ ಅದನ್ನು ನೋಡಿದ. ಗೋಡೆಯನ್ನು ನೋಡಿದ. ಗೋಡೆಯಲ್ಲಿ ಎರಡು ಸ್ಕ್ರೂ ತೂತು, ನಡುವೆ ಹಳೆಯ ಬಣ್ಣದ ಒಂದು ಚೌಕ, ಅಷ್ಟೆ, ಒಂದು ಎಳೆ ತಂತಿ ಹೊರಬರುವಷ್ಟು ಬಿರುಕೂ ಇಲ್ಲ. ಅಲ್ಲಾ ಸ್ವಾಮಿ, ಇದಕ್ಕೆ ವೈರೇ ಇಲ್ವಲ್ಲ? ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಎಲ್ಲವನ್ನೂ ಜೋರಾಗಿ ಕೇಳುವುದು ಅವನ ಗುಣ, ಹೆಡ್‌ಫೋನ್ ಹಾಕಿದವರ ನಡುವೆ ಇಪ್ಪತ್ತು ವರ್ಷ ಕಳೆದವನು. ಪಟಪಟ ಸದ್ದು ಒಂದೊಂದೇ ಟೇಬಲ್ಲಿನಿಂದ ನಿಂತುಹೋಯಿತು, ಅವನು ತಿರುಗಲಿಲ್ಲ, ತಿರುಗದೆಯೇ ಎಣಿಸಿದ, ಒಂದು ಸುಳ್ಳು ಹುಡುಕು, ಬೇಗ, ಒಂಬತ್ತು ವರ್ಷ ಹೇಳಿದವನಿಗೆ ಇನ್ನೊಂದು ಭಾರವೆ. ಆಗ ಮೂರನೇ ಟೇಬಲ್ಲಿನಿಂದ ಅವಳ ದನಿ, ಸಹಜವಾಗಿ, ಸ್ವಲ್ಪ ನಗು ಬೆರೆಸಿ, ಅದು ವೈರ್‌ಲೆಸ್ ಕಣಪ್ಪಾ, ರಿಮೋಟ್ ಇದ್ದ ಹಾಗೆ, ಟೀವಿ ರಿಮೋಟ್‌ಗೆ ವೈರ್ ಇರುತ್ತಾ? ಓಹೋ ಹಂಗೆ ಅನ್ನಿ, ಅಂದ ಅಟೆಂಡರ್, ಯಾರೋ ನಕ್ಕರು, ಕೀಲಿಮಣೆಗಳು ಮತ್ತೆ ಶುರುವಾದವು. ಅವನು ತಿರುಗಿ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಆ ಚೌಕವನ್ನು ನೋಡುತ್ತಿದ್ದಳು, ಎಡಗೈ ತನ್ನಷ್ಟಕ್ಕೆ ಬಲಭುಜವನ್ನು ಹಿಡಿದುಕೊಂಡಿತ್ತು.

ಗೊತ್ತಾಯಿತು ಅವಳಿಗೆ, ಗೊತ್ತಾದ ಕ್ಷಣದಲ್ಲೇ ಅವನ ಮಾನ ಮುಚ್ಚಿದಳು, ಅವನಿಗೆ ಒಂದು ಸುಳ್ಳು ಕೂಡ ದಾನ ಮಾಡಿದಳು. ಅಷ್ಟಕ್ಕೇ ನಿಲ್ಲಿಸಿ ಹೊಸ ಡಬ್ಬಿಯನ್ನು ಹಾಗೇ ಖಾಲಿ ಗೋಡೆಗೆ ಜಡಿದು ಹೊರಟುಬಿಟ್ಟಿದ್ದರೆ ಅವಳ ಮಾತು ಉಳಿಯುತ್ತಿತ್ತು, ಅವನಿಗೆ ಅದು ಹೊಳೆಯಲೇ ಇಲ್ಲ, ಈಗಲಾದರೂ ನ್ಯಾಯವಾಗಿ ಮಾಡುತ್ತೇನೆ ಅನ್ನುವ ಒಂದೇ ಹಟ, ಡ್ರಿಲ್ ಹಿಡಿದು ಗೋಡೆ ಕೊರೆದ, ಬಿಳಿ ಪಟ್ಟಿ ಅಂಟಿಸಿ ತಂತಿ ಇಳಿಸಿದ, ಮೇಲೆ ಹೋಗಿ ಏಸಿಯ ಮೇನ್ ಆಫ್ ಮಾಡಿ ಚಾವಣಿಯ ಪೆಟ್ಟಿಗೆಯಲ್ಲಿ ಹಳೆಯ ಎಳೆಗಳನ್ನು ಬಿಡಿಸಿ ಹೊಸದನ್ನು ಬಿಗಿದ, ಕೆಂಪು ಇಲ್ಲಿಗೆ, ಹಳದಿ ಇಲ್ಲಿಗೆ, ಎರಡು ಸಲ ಪರೀಕ್ಷಿಸಿದ, ಆನ್ ಮಾಡಿ ಇಳಿದು ಬಂದು ಹೊಸದನ್ನು ಇಪ್ಪತ್ತಕ್ಕೆ ಇಟ್ಟು ಮುಕ್ಕಾಲು ಗಂಟೆ ಓಡಿಸಿದ, ಹಾಲ್ ಎಂದಿನಂತೆ ಕೊರೆಯತೊಡಗಿತು, ಕಿಟಕಿಯಾಚೆಯ ಮೊರೆತ ಎಂದಿನಂತೆ ಟೇಬಲ್ಲಿನ ಕಾಲುಗಳವರೆಗೂ ಬಂತು. ಮಾಲೀಕ ಇಡೀ ಹಗಲು ಇಪ್ಪತ್ತರಲ್ಲಿ ಇಡುವುದು, ಮಿಶಿನ್ನಿಗೆ ಆ ಹಾಲನ್ನು ಇಪ್ಪತ್ತಕ್ಕೆ ಇಳಿಸುವ ತಾಕತ್ತಿಲ್ಲ, ಹಾಗಾಗಿ ಒಂಬತ್ತು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅದು ತಾನಾಗಿ ನಿಂತದ್ದೇ ಇಲ್ಲ, ಕೆಟ್ಟಾಗ, ಕರೆಂಟು ಹೋದಾಗ, ಅವನು ಹೋಗಿ ಆಫ್ ಮಾಡಿದಾಗ, ಅಷ್ಟೆ. ಇದನ್ನು ಅವನು ಬಲ್ಲ, ನಿಜವಾದ ಗುಂಡಿ ಇಪ್ಪತ್ತಾರಕ್ಕೆ ಹೋದರೆ ಇಷ್ಟು ಕೊರೆಯುವ ಹಾಲ್‌ನಲ್ಲಿ ಮಿಶಿನ್ ನಿಲ್ಲಲೇಬೇಕು ಅನ್ನುವುದನ್ನೂ ಬಲ್ಲ. ಆಯ್ತಾ, ಮುಗೀತಾ, ಅಂತ ಹಿಂದಿನ ಸಾಲಿನವಳು ಕೇಳಿದಳು, ಹೊಸದರ ಉದ್ಘಾಟನೆ ಆಗ್ಲಿ, ನೀನೇ ಒತ್ತಮ್ಮ, ಅದು ನಿನ್ನ ಡಿಪಾರ್ಟ್‌ಮೆಂಟು, ಎಲ್ಲರೂ ಹೆಡ್‌ಫೋನ್ ತೆಗೆದರು, ಹೋಗು ಹೋಗು. ಬೇಡ ಅನ್ನು, ಅವನು ತನಗೇ ಹೇಳಿಕೊಂಡ, ಇನ್ನೂ ಸೆಟ್ ಆಗ್ಬೇಕು, ನಾಳೆ ಒತ್ತಿ ಅನ್ನು, ಏನಾದರೂ ಅನ್ನು. ಮೂರನೇ ಟೇಬಲ್ಲಿನಿಂದ ಅವಳು ಎದ್ದು ಬಂದಳು, ಅವನ ಪಕ್ಕದಲ್ಲೇ ನಿಂತಳು, ಗುರುತಿಲ್ಲದವರ ಪಕ್ಕ ನಿಂತ ಹಾಗೆ. ಒತ್ತಿದಳು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು, ನಾಲ್ಕು, ಐದು, ಆರು. ಚಾವಣಿಯ ಮೇಲೆ ಧಡ್ ಅಂತ ಕಾಂಟ್ಯಾಕ್ಟರ್ ಬಿಟ್ಟುಕೊಂಡಿತು, ಕಿಟಕಿಯಾಚೆಯ ಮೊರೆತ ಕತ್ತರಿಸಿದಂತೆ ನಿಂತಿತು, ನೆತ್ತಿಯ ಮೇಲಿನ ಗಾಳಿ ನಿಂತಿತು, ಎಲ್ಲರೂ ತಲೆ ಎತ್ತಿ ಚಾವಣಿ ನೋಡಿದರು. ಅಯ್ಯೋ ನಿಂತೇಹೋಯ್ತಲ್ಲ, ಅಂದಳು ಯಾರೋ, ಮತ್ತೆ ಸ್ವಲ್ಪ ತಡೆದು, ಮುಂಚೆ ಯಾವತ್ತೂ ಹಿಂಗೆ ನಿಂತಿರ್ಲಿಲ್ವಲ್ಲಾ. ವೈರ್‌ಲೆಸ್ ಅಂದಿದ್ದಳಲ್ಲ ಅವಳು, ಈಗ ಎರಡು ಗಂಟೆಯ ಹಿಂದೆ, ಎಲ್ಲರೂ ಕೇಳುವ ಹಾಗೆ, ಅವನಿಗಾಗಿ, ಆ ಸುಳ್ಳನ್ನು ಅವನೇ ಕೈಯಾರೆ ತಂತಿ ಎಳೆದು, ಎರಡು ಸಲ ಪರೀಕ್ಷಿಸಿ, ಬಯಲು ಮಾಡಿದ, ಹನ್ನೊಂದು ಜನ ಮೇಲೆ ನೋಡುತ್ತಿದ್ದಾರೆ, ಅವಳೊಬ್ಬಳು ನೋಡುತ್ತಿಲ್ಲ, ಹೇಳು, ಏನಾದರೂ ಹೇಳು, ಟೂಲ್ ಬ್ಯಾಗಿನ ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿದೆ, ಮೆಟ್ಟಿಲು ಆ ಕಡೆ, ಬಾಗಿಲು ಆ ಕಡೆ, ಹನ್ನೊಂದು ಮುಖಗಳು ಈಗ ಚಾವಣಿಯಿಂದ ಇಳಿದು ಅವಳ ಬೆನ್ನಿಗೆ ಬಂದಿವೆ, ಅವಳು ಗೋಡೆಗೆ ಮುಖ ಮಾಡಿಯೇ ನಿಂತಿದ್ದಾಳೆ, ಬೆರಳು ಗುಂಡಿಯ ಮೇಲೇ ಇದೆ, ತಿರುಗಿದರೆ ಅವರನ್ನು ನೋಡಬೇಕು, ಅವನನ್ನು ನೋಡಬೇಕು, ತಿರುಗುತ್ತಿಲ್ಲ, ಬೆರಳು ಗುಂಡಿಯ ಮೇಲೇ ಇದೆ, ಎಷ್ಟು ಹೊತ್ತಾಯಿತು, ಒತ್ತಿ ಹಿಡಿದ ಉಗುರು ಬೆಳ್ಳಗಾಗಿದೆ, ಬೆರಳು ಗುಂಡಿಯ ಮೇಲೇ ಇದೆ.