ಜಡ್ಡಿಗೆ ಹಾಕಿದ ಮಣ್ಣು

ರಸ್ತೆ ಅಗೆಯಲು ಜೆಸಿಬಿ ಬಂದ ದಿನ ಗಂಗಕ್ಕ ಅದರ ಎದುರೇ ಕುಳಿತುಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ರಸ್ತೆಯಡಿ ನೀರು ಹಾಯಲು ಅಲ್ಲೊಂದು ಮೋರಿ ಮಂಜೂರು ಮಾಡಿಸಲು ವರ್ಷಗಟ್ಟಲೆ ಕಚೇರಿ ಅಲೆದು ಚಪ್ಪಲಿ ಸವೆಸಿದವನು ನಾನು.

ನಮ್ಮ ಕೇರಿಗೂ ಸಿದ್ದಾಪುರದ ದಾರಿಗೂ ನಡುವೆ ಜಡ್ಡಿಯಿದೆ. ಬೇಸಿಗೆಯಲ್ಲೂ ನೀರು ಹರಿಯುತ್ತಿದ್ದ, ರಾಮಪತ್ರೆ ಮರಗಳ ಜೌಗು. ಪ್ರತಿ ಮಳೆಗಾಲಕ್ಕೆ ಅಡಿಕೆ ಮರ ಕಡಿದು ಜಡ್ಡಿಗೆ ಅಡ್ಡಲಾಗಿ ಸಂಕ, ಅಂದರೆ ಕಾಲುಸೇತುವೆ, ಹಾಕುತ್ತಿದ್ದೆವು. ಒಂದು ಆಷಾಢದಲ್ಲಿ ಕಾಲೇಜಿಗೆ ಹೊರಟಿದ್ದ ಗಂಗಕ್ಕನ ಮಗಳು ಚೇತನಾ ಸಂಕದಿಂದ ಜಾರಿ ಕೊಚ್ಚಿಹೋದಳು. ಮರುವರ್ಷ ಊರೇ ಸೇರಿ ಮಣ್ಣು ತುಂಬಿ ರಸ್ತೆ ಮಾಡಿದೆವು. ಅಡಿಯಲ್ಲಿ ಪೈಪಾದರೂ ಇಡಿ ಎಂದು ಯಾರೋ ಹೇಳಿದರು.

"ಮಗಳನ್ನ ತಿಂದ ನೀರು ಅದು. ಅದಕ್ಕೆ ದಾರಿ ಬಿಡಬ್ಯಾಡಿ" ಎಂದು ಗಂಗಕ್ಕ ಗೋಳಾಡಿದಳು. ಅವಳು ಹೇಳಿದಂತೆಯೇ ಬೆರಳು ತೂರುವಷ್ಟು ಸಂದಿಯನ್ನೂ ಬಿಡದೆ ಮುಚ್ಚಿದೆವು.

ನೀರಿಗೆ ಏನು ಗೊತ್ತು, ಪಾಪ? ರಸ್ತೆಯ ಮೇಲ್ಬದಿಗೆ ನಿಂತು ಕೊಳೆಯಿತು, ಹೆಚ್ಚಾದದ್ದು ಪಕ್ಕದ ಹಳ್ಳಕ್ಕೆ ತಿರುಗಿತು. ಹತ್ತು-ಹನ್ನೆರಡು ವರ್ಷದಲ್ಲಿ ರಾಮಪತ್ರೆ ಮರಗಳು ನಿಂತಲ್ಲೇ ಸತ್ತವು. ಕೆಳಬದಿಯ ಗದ್ದೆಗಳು ಬಿರುಕುಬಿಟ್ಟವು. ಮೊದಲು ಒಣಗಿದ್ದು ಗಂಗಕ್ಕನದೇ.

"ಗಂಗಕ್ಕ, ಏಳು ಮಾರಾಯ್ತಿ. ನಿನ್ನ ಗದ್ದೆಗೇ ನೀರಿಲ್ಲ" ಎಂದೆ, ಜೆಸಿಬಿಯ ಎದುರು ಕುಳಿತಿದ್ದ ಅವಳಿಗೆ.

"ಗದ್ದೆ ಹಾಳು ಬೀಳ್ಲಿ ಹೆಗಡೇರೆ. ಆ ನೀರು ನಂಗೆ ಬ್ಯಾಡ."

ಅವಳ ಮಗ ಉಲ್ಲಾಸ ಪಕ್ಕದಲ್ಲಿ ಬಂದು ಕುಳಿತ. "ಅವ್ವಾ, ನಂಗೂ ಅಕ್ಕ ಅಲ್ದ ಅವ್ಳು? ಬಾವಿನೂ ಬತ್ತೋಯ್ತು. ನನ್ ಮಕ್ಳು ಎಂತ ಕುಡೀಬೇಕು?"

ಗಂಗಕ್ಕ ಸೆರಗಿನ ಮಣ್ಣು ಕೊಡವಿ ಎದ್ದು, ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು. ಗೆದ್ದೆ ಎಂದು ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಮೋರಿ ಕಟ್ಟಿ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಮೋರಿಯಲ್ಲಿ ನೀರು ಸಲೀಸಾಗಿ ಇಳಿಯಿತು, ಉಲ್ಲಾಸನ ಬಾವಿಯಲ್ಲಿ ಒರತೆ ಕಂಡಿತು. ಸತ್ತ ಮರಗಳು ಮಾತ್ರ ಹಾಗೆಯೇ ನಿಂತಿವೆ.

ರಸ್ತೆ ಈಗ ಮೊದಲಿಗಿಂತ ಗಟ್ಟಿ, ಲಾರಿ ಹೋದರೂ ಅಲುಗುವುದಿಲ್ಲ. ಆದರೂ ಗಂಗಕ್ಕ ಬೆಳಗಾದರೆ ಮಳೆಗೆ ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಮೋರಿಯ ಮೇಲೆ ಬಂದು ನಿಲ್ಲುತ್ತಾಳೆ. ಶಾಲೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೈ ಹಿಡಿದು ದಾಟಿಸುತ್ತಾಳೆ. ನಿನ್ನೆ ನನಗೂ ಕೈ ಚಾಚಿದಳು.

"ನಿಧಾನ ಹೆಗಡೇರೆ, ಜಾರ್ತದೆ."

ಜಾರುವಂಥದ್ದು ಅಲ್ಲಿ ಏನೂ ಇರಲಿಲ್ಲ. ನಾನು ಕೈ ಕೊಟ್ಟೆ.