ಎರಡನೇ ಬೆರಳಿನ ಬಿಳಿ ಗೆರೆ

ಚಪ್ಪಲಿಗಳು, ಎಷ್ಟೊಂದು ಚಪ್ಪಲಿಗಳು, ಮೀಟಿಂಗ್ ಹಾಲಿಗೆ ಹೊಸ ಕಾರ್ಪೆಟ್ ಹಾಸಿದ ಮೇಲೆ ದೊಡ್ಡ ದೊಡ್ಡ ಡಾಕ್ಟರುಗಳೆಲ್ಲ ಮದುವೆ ಮನೆಗೆ ಬಂದವರ ಹಾಗೆ ಬಾಗಿಲಾಚೆಯೇ ಕಳಚಿಟ್ಟು ಒಳಗೆ ಹೋಗುತ್ತಾರೆ, ಹೆಬ್ಬೆರಳು ಊರಿದಲ್ಲಿ ಒಂದು ಕಪ್ಪು ಗುಳಿ, ಅದರ ಪಕ್ಕಕ್ಕೆ ಎರಡನೇ ಬೆರಳಿನದು ಇನ್ನೊಂದು — ಎರಡನೇ ಬೆರಳು, ನೋಡು ಮತ್ತೆ ಅದೇ, ಬೆಳಿಗ್ಗೆಯಿಂದ ಸಿಂಚನಳ ಕಣ್ಣು ಎಲ್ಲಿ ಸುತ್ತಿದರೂ ಅಲ್ಲಿಗೇ ಬಂದು ಕೂರುತ್ತಿದೆ, ಊದಿ ನೀಲಿಗಟ್ಟಿದ ಬೆರಳು, ಕಾಲುಂಗುರ ಬಿಚ್ಚಿದ ಜಾಗದಲ್ಲಿ ಸುಣ್ಣ ಬಳಿದ ಹಾಗೆ ಒಂದು ಬಿಳಿ ಗೆರೆ. ಸಾಕು, ಈಗ ಅದಲ್ಲ, ಈಗ ಬಾಯಿಪಾಠ ಮಾಡಿಕೊಂಡದ್ದನ್ನು ನೆನಪಿಸಿಕೊಳ್ಳಬೇಕು, ಒಳಗೆ ಸಂಶೋಧನಾ ಸಮಿತಿಯ ಮುಂದೆ ಮೂಳೆ ವಿಭಾಗದವರು ಮಾತಾಡುತ್ತಿದ್ದಾರೆ, ಅವರದು ಮುಗಿದರೆ ತನ್ನದೇ, ಸಂಶೋಧನೆಯ ಅರ್ಜಿ, ಮೊದಲ ಪುಟದಲ್ಲಿ ಡಾಕ್ಟರ್ ಸಿಂಚನ, ತುರ್ತು ಚಿಕಿತ್ಸಾ ವಿಭಾಗ, ಅದರ ಕೆಳಗೆ ಪ್ರಧಾನ ಸಂಶೋಧಕಿ. ಆ ಪದ ನೋಡಿದಾಗೆಲ್ಲ ಬೇರೆ ಯಾರದೋ ಸೀರೆ ಉಟ್ಟುಕೊಂಡ ಹಾಗಾಗುತ್ತದೆ. ಈ ಕಾಲೇಜಿನಲ್ಲಿ ಇಲ್ಲಿಯ ತನಕ ಕ್ಯಾಶುಯಾಲ್ಟಿಯ ಹುಡುಗ ಹುಡುಗಿಯರು ಯಾವ ಸಂಶೋಧನೆಗೂ ತಲೆಯಾದವರಲ್ಲ, ನಿಮ್ದು ಬಸ್ ಸ್ಟ್ಯಾಂಡ್ ಕಣ್ರೀ, ಪೇಷೆಂಟ್ ಇಳೀತಾರೆ, ನೀವು ಮೇಲಿನ ಬಸ್ ಹತ್ತಿಸ್ತೀರಿ, ಬಸ್ ಸ್ಟ್ಯಾಂಡಲ್ಲಿ ಕೂತು ಏನ್ ರಿಸರ್ಚ್ ಮಾಡ್ತೀರಿ, ಎಂದು ಮೆಡಿಸಿನ್‌ನವರು ಕ್ಯಾಂಟೀನಿನಲ್ಲಿ ನಕ್ಕಿದ್ದರು. ಅನಂತಪದ್ಮನಾಭ ಸರ್ ಮಾತ್ರ ನಗಲಿಲ್ಲ, ಅವರೇ ವಿಭಾಗದ ಮುಖ್ಯಸ್ಥರು, ನಿವೃತ್ತಿಗೆ ಹತ್ತಿರವಾದವರು, ಬೇಕೆಂದರೆ ತಮ್ಮ ಹೆಸರನ್ನೇ ಮೇಲೆ ಹಾಕಿಕೊಳ್ಳಬಹುದಿತ್ತು, ಹಾಕಲಿಲ್ಲ, ಇನ್ನು ನೀವುಗಳು ಮುಂದೆ ನಿಲ್ಬೇಕಮ್ಮ, ನಾನು ಹಿಂದೆ ಕೂತು ಕೆಮ್ತೀನಿ ಅಷ್ಟೇ, ಎಂದರು. ಪಾಪ, ಸಮಿತಿಯ ಒಬ್ಬೊಬ್ಬ ಸದಸ್ಯರ ರೂಮಿಗೂ ಹೋಗಿ ಹೇಳಿ ಬಂದಿದ್ದಾರೆ.

ಪ್ರಶ್ನೆ ಹುಟ್ಟಿದ್ದಾದರೂ ಎಲ್ಲಿ, ಲಿಫ್ಟಿನಲ್ಲಿ, ಹೌದು, ಮೇಲಿನ ಸರ್ಜರಿ ವಾರ್ಡಿಗೆ ಯಾರನ್ನೋ ನೋಡಲು ಹೋಗಿದ್ದಾಗ ಹಾವು ಕಚ್ಚಿದ ಹೆಂಗಸೊಬ್ಬಳ ಕಾಲಿಗೆ ಬ್ಯಾಂಡೇಜು, ಎರಡನೇ ಬೆರಳೊಂದೇ ಇಲ್ಲ, ಅಕ್ಕಪಕ್ಕದವೆಲ್ಲ ಚೆನ್ನಾಗಿವೆ, ಯಾಕೆ, ಹಾವೇನು ಬೆರಳು ಆರಿಸಿ ಕಚ್ಚುತ್ತದೆಯೇ, ಕಚ್ಚಿದ್ದು ಹಿಮ್ಮಡಿಯ ಹತ್ತಿರ — ಯಾಕೆ ಯಾಕೆ ಯಾಕೆ, ಹೂಟಗಳ್ಳಿಯ ಮನೆಯಲ್ಲಿ ಅವ್ವ ಹೇಳುತ್ತಿದ್ದದ್ದು ಅದೇ, ನಿನ್ ಬಾಯಿಗೆ ಬೀಗ ಹಾಕ್ಬೇಕು ಕಣೇ, ಮಾತು ಕಲಿಯೋ ಮಗೂನೂ ಇಷ್ಟು ಕೇಳಲ್ಲ. ಲಿಫ್ಟು ಇಳಿಯುವಷ್ಟರಲ್ಲಿ ಹೊಳೆದಿತ್ತು. ಕೆಳಗೆ ಕ್ಯಾಶುಯಾಲ್ಟಿಯಲ್ಲಿ ನಾವು ಕಾಲುಂಗುರ ನೋಡುತ್ತೇವೆ, ಬೆರಳು ಕಪ್ಪಾಗುವುದನ್ನು ನೋಡುವುದಿಲ್ಲ, ಮೇಲಿನವರು ಕಪ್ಪು ಬೆರಳು ನೋಡುತ್ತಾರೆ, ಅಷ್ಟರಲ್ಲಿ ಉಂಗುರ ಇರುವುದಿಲ್ಲ. ಎರಡು ಮಹಡಿಗಳ ನಡುವೆ ಪ್ರಶ್ನೆ ಬಿದ್ದುಹೋಗಿದೆ, ಯಾರೂ ಎತ್ತಿಕೊಂಡಿಲ್ಲ. ಆ ದಿನ ಎಷ್ಟು ಖುಷಿಯಾಗಿತ್ತೆಂದರೆ ಸ್ಕೂಟರ್ ಕೀ ಎಲ್ಲಿಟ್ಟೆ ಎಂದೇ ಮರೆತಿದ್ದಳು. ಕಾಲು ಊದಿಕೊಂಡರೆ ಉಂಗುರ ಬಿಗಿಯುತ್ತದೆ, ಬಿಗಿದರೆ ರಕ್ತ ಹೋಗುವುದಿಲ್ಲ, ಹಾವು ಕಚ್ಚಿದವರ ಉಂಗುರ ಬಳೆ ಮೊದಲು ತೆಗೆಯಿರಿ ಎಂದು ಪುಸ್ತಕದಲ್ಲೇ ಇದೆ, ಹಾಗಾದರೆ ನಾವು ಯಾಕೆ ತೆಗೆಯುತ್ತಿಲ್ಲ, ಅದಕ್ಕೆ ಉತ್ತರವೂ ಅವಳೇ ಅರ್ಜಿಯಲ್ಲಿ ಬರೆದಿದ್ದಾಳೆ, ಒಂಚೂರೂ ಯೋಚಿಸದೆ, ನೆಟ್ಟಗೆ, ಗಂಡ ಬದುಕಿರುವಾಗ ಕಾಲುಂಗುರ ಬಿಚ್ಚಬಾರದೆಂಬ ಸಂಪ್ರದಾಯದ ಕಾರಣ ರೋಗಿಗಳು ನಿರಾಕರಿಸುತ್ತಾರೆ. ಅದಕ್ಕೊಂದು ಜಾಣ ಉಪಾಯ ಬೇರೆ, ಉಂಗುರದ ಬದಲು ಸಡಿಲವಾಗಿ ಅರಿಶಿನದ ದಾರ ಕಟ್ಟಿದರೆ ಒಪ್ಪುವವರು ಹೆಚ್ಚುತ್ತಾರೆಯೇ, ನೋಡೋಣ. ಸರ್ ಓದಿ, ಭೇಷ್ ಕಣಮ್ಮ, ಅಂದಿದ್ದರು.

ಭೇಷ್ ಅಂತೆ. ಇವತ್ತು ಬೆಳಿಗ್ಗೆ ಡ್ಯೂಟಿ ಶುರುವಾಗಿ ಕಾಫಿ ಕೂಡ ಕುಡಿದಿರಲಿಲ್ಲ, ವರುಣಾ ಕಡೆಯ ಹಳ್ಳಿಯಿಂದ ಟೆಂಪೋ ಬಂತು, ಕೆಂಚಮ್ಮ, ಹಸುವಿಗೆ ಹುಲ್ಲು ಕುಯ್ಯುವಾಗ ಕಚ್ಚಿದೆ, ಗಂಡ ಮಹದೇವು ಹಾವನ್ನೂ ಹೊಡೆದು ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ತಂದಿದ್ದ, ಚೀಲ ಬಿಚ್ಚಬೇಡಿ ಬಿಚ್ಚಬೇಡಿ ಎಂದು ನರ್ಸು ಕೂಗುತ್ತಿದ್ದರೂ ಬಿಚ್ಚಿ ತೋರಿಸಿಯೇಬಿಟ್ಟ, ಕೊಳಕುಮಂಡಲ. ವಿಷ ಇಳಿಸುವ ಮದ್ದು ಡ್ರಿಪ್ಪಿನಲ್ಲಿ ಹನಿಯತೊಡಗಿತು, ಊತ ಪಾದ ದಾಟಿ ಏರುತ್ತಿತ್ತು, ಕಾಲುಂಗುರ ಮಾಂಸದೊಳಗೆ ಹುದುಗಿಹೋಗಿತ್ತು. ಲಿಖಿತ್ — ಅವಳ ಜೂನಿಯರ್, ಒಳ್ಳೆಯ ಹುಡುಗ, ಸ್ವಲ್ಪ ಅವಸರ — ಅಣ್ಣಾ, ಕಾಲುಂಗುರ ತೆಗೀಬೇಕಾಗುತ್ತೆ, ಎಂದು ಮಹದೇವುಗೆ ಹೇಳಿದ, ಮಹದೇವು ತನ್ನ ತಾಯಿಯ ಮುಖ ನೋಡಿದ, ಆ ಯಮ್ಮ ಎದೆ ಮೇಲೆ ಕೈಯಿಟ್ಟುಕೊಂಡು, ಬ್ಯಾಡ ಕಣಪ್ಪೋ, ನನ್ ಮಗ ಗುಂಡುಕಲ್ಲಿನಂಗೆ ಮುಂದೇ ನಿಂತವ್ನೆ, ಅವನ ಎದುರ್ಗೇ ಬಿಚ್ಚದುಂಟಾ. ಲಿಖಿತ್ ಇವಳ ಕಡೆ ತಿರುಗಿದ, ನೋಡಿದ್ರಾ ಮೇಡಂ, ರೋಗಿ ನಿರಾಕರಿಸಿದ್ರು, ನಾವು ಬರೆದಂಗೇ. ಇವಳೂ ತಲೆಯಾಡಿಸಿದ್ದಳು! ತಲೆಯಾಡಿಸಿ, ಊತ ಎಲ್ಲಿಗೆ ಬಂತೆಂದು ಪೆನ್ನಿನಲ್ಲಿ ಗುರುತು ಹಾಕಲು ಬಗ್ಗಿದಾಗ ಕಂಡಿತು, ಕೆಂಚಮ್ಮನ ಕಣ್ಣು, ಲಿಖಿತ್ ಮಾತಾಡಿದರೆ ಲಿಖಿತ್ ಕಡೆ, ಅತ್ತೆ ಮಾತಾಡಿದರೆ ಅತ್ತೆ ಕಡೆ, ಬೀದಿ ಜಗಳ ನೋಡುವವರ ಕಣ್ಣಿನ ಹಾಗೆ ಓಡಾಡುತ್ತಿತ್ತು, ಏನು ನೋಡುತ್ತಿದ್ದಾಳೆ ಈಕೆ, ಬರಿಯ ಕುತೂಹಲಕ್ಕೇ ಬಾಯಿಂದ ಬಂದುಬಿಟ್ಟಿತು, ಕೆಂಚಮ್ಮ, ನೀವೇನಂತೀರಿ, ತೆಗೀಲಾ? ಅವಳನ್ನೇನ್ ಕೇಳೀರಿ ತಾಯಿ, ಎಂದು ಅತ್ತೆ ಶುರು ಮಾಡುವುದರೊಳಗೆ ಕೆಂಚಮ್ಮ, ತೆಗೀರಿ ಕಣವ್ವ, ಆಗ್ಲಿಂದ ಅದೇ ಸಿಡೀತಾದೆ, ಹಾವು ಕಚ್ಚಿದ್ದುಕ್ಕಿಂತ ಅದೇ ನೋಯ್ತಾದೆ. ಮಹದೇವು ಪೆಚ್ಚಾಗಿ, ಏ, ಹಂಗಾರೆ ಮೊದ್ಲೇ ಯೋಳ್ಬಾರ್ದಾ. ಯಾರ್ ಕೇಳುದ್ರು, ಎಂದಳು ಕೆಂಚಮ್ಮ. ಸಿಟ್ಟಿಲ್ಲ, ಅಳುವಿಲ್ಲ, ಸೊಪ್ಪಿನ ರೇಟು ಹೇಳುವಷ್ಟು ಸಲೀಸಾಗಿ. ಸಣ್ಣ ಗರಗಸದಲ್ಲಿ ಮೆಲ್ಲಗೆ ಕತ್ತರಿಸಿದರೆ ಬೆಳ್ಳಿಯ ತಂತಿ ಟಿಕ್ಕೆಂದು ಬಾಯಿ ಬಿಟ್ಟಿತು, ಮಹದೇವು ಅದನ್ನು ಅಂಗೈಯಲ್ಲಿ ಇಸಿದುಕೊಂಡ, ಬೆರಳಿನ ಮೇಲೆ ಉಳಿದದ್ದು ಆ ಬಿಳಿ ಗೆರೆ.

ಯಾರ್ ಕೇಳುದ್ರು. ಆಮೇಲೆ ಕೈ ತೊಳೆಯುತ್ತ ನಿಂತಾಗ ಹಿಂದಿನವರೆಲ್ಲ ಒಬ್ಬೊಬ್ಬರಾಗಿ ನೆನಪಿಗೆ ಬಂದರು, ಬೇಡ ಅಂದದ್ದು ಯಾರು, ಒಬ್ಬಳ ಅಣ್ಣ, ಇನ್ನೊಬ್ಬಳ ಗಂಡ, ಮತ್ತೊಬ್ಬಳ ಓರಗಿತ್ತಿ, ನಾವು ಮಂಚದ ಮೇಲಿದ್ದವಳನ್ನು ಬಿಟ್ಟು ಸುತ್ತ ನಿಂತವರನ್ನೆಲ್ಲ ಕೇಳಿದ್ದೇವೆ, ಪ್ರಜ್ಞೆ ಇತ್ತು, ಮಾತು ಬರುತ್ತಿತ್ತು, ಆದರೂ — ಥೂ, ಯಾಕೆ, ಇದು ಯಾಕೆ? ಅದೆಲ್ಲ ಹೋಗಲಿ, ಸಿಂಚನಮ್ಮ, ನಿನ್ನ ಕಾಲುಂಗುರ ಎಲ್ಲಿ? ಸ್ಕೂಟರ್ ಡಿಕ್ಕಿಯಲ್ಲಿ, ಹೆಲ್ಮೆಟ್ಟಿನ ಕೆಳಗೆ, ಗಂಟಲ ಮಾತ್ರೆಯ ಹಳೆಯ ಡಬ್ಬಿಯಲ್ಲಿ, ದಿನಾ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಬಿಚ್ಚಿಟ್ಟು ರಬ್ಬರಿನ ಚಪ್ಪಲಿಗೆ ಕಾಲು ತೂರಿಸುತ್ತಾಳೆ, ಒತ್ತುತ್ತದೆ, ಹನ್ನೆರಡು ಗಂಟೆ ನಿಲ್ಲಬೇಕು, ಸಂಜೆ ಮನೆ ಹತ್ತಿರ ದಟ್ಟಗಳ್ಳಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಮತ್ತೆ ಹಾಕಿಕೊಳ್ಳುತ್ತಾಳೆ, ಅತ್ತೆಗೆ ಸುಮ್ಮನೆ ಬೇಸರವೇಕೆ. ಮದುವೆಯಾಗಿ ಒಂದು ವರ್ಷ, ಗಂಡ ರಾಜೇಶ್‌ಗೆ ಏನೂ ಆಗಿಲ್ಲ, ಚೆನ್ನಾಗಿ ಗೊರಕೆ ಹೊಡೆಯುತ್ತಾನೆ. ತಾನು ದಿನಾ ಬಿಚ್ಚುವವಳು, ಕೆಂಚಮ್ಮ ಮಾತ್ರ ಬಿಚ್ಚಲಾರಳೆಂದು ಹೇಗೆ ಬರೆದೆ, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ಅಲ್ಲ, ಅದಕ್ಕಿಂತ ಕೆಟ್ಟದ್ದು, ನನಗಾದರೆ ಅನುಕೂಲ, ಅವಳಿಗಾದರೆ ಸಂಪ್ರದಾಯ. ನಾಚಿಕೆಯಾಗುತ್ತದೆ, ನಿಜವಾಗಿ ಮುಖ ಬಿಸಿಯಾಗುತ್ತದೆ, ಆದರೆ ನಾಚಿಕೆಯ ಕೆಳಗೆ ಆ ಹಳೆಯ ತುರಿಕೆ, ಹಾಗಾದರೆ ಮಿಕ್ಕವರು ಏನನ್ನುತ್ತಾರೆ? ಲಿಖಿತ್‌ನನ್ನು ಮೇಲಿನ ವಾರ್ಡಿಗೆ ಓಡಿಸಿದ್ದಾಳೆ, ಹಾವು ಕಚ್ಚಿ ಮಲಗಿರೋ ಹೆಂಗಸರನ್ನ ಕೇಳ್ಕೊಂಡು ಬಾ, ಅವರನ್ನೇ, ಪಕ್ಕದವರನ್ನಲ್ಲ. ಫೋನು, ಬಂತು, ಲಿಖಿತ್, ಹೇಳು. ಮೇಡಂ, ಮೂರು ಜನ ಇದ್ರು, ಒಬ್ಬರು ಕೇಳಿದ್ರೆ ಆಗ್ಲೇ ಕೊಡ್ತಿದ್ದೆ ಅಂದ್ರು, ಇನ್ನೊಬ್ಬರು ಪ್ರಾಣ ಹೋದ್ರೂ ಬಿಚ್ಚಲ್ಲ, ನನ್ನಿಷ್ಟ, ಅಂತ ಬೈದ್ಬುಟ್ರು. ಸಿಂಚನಳಿಗೆ ನಗು ಬಂತು, ಸರಿ, ಅದೂ ಉತ್ತರವೇ, ಅದು ಅವಳ ಉತ್ತರ. ಮೂರನೆಯವರು? ಮೇಡಂ, ಮೊನ್ನೆ ಬೆರಳು ತೆಗೆದಿದ್ದಾರಲ್ಲ, ಅವರು. ಗೋಡೆ ಕಡೆ ತಿರುಗಿಬಿಟ್ರು. ಏನೂ ಹೇಳ್ಲಿಲ್ವಾ? ನಾನು ಹೊರಟಾಗ ಹೇಳಿದ್ರು ಮೇಡಂ, ಈಗ ಬಂದ್ ಕೇಳ್ತೀಯಲ್ಲಪ್ಪ, ಅಂತ.

ಬಾಗಿಲು ತೆರೆಯಿತು, ಎಸಿಯ ತಣ್ಣನೆ ಗಾಳಿ, ಅನಂತಪದ್ಮನಾಭ ಸರ್ ಬರಿಗಾಲಲ್ಲಿ ಹೊರಗೆ ಬಂದು, ಬಾಮ್ಮ, ಎಲ್ಲ ಒಳ್ಳೆ ಮೂಡಲ್ಲಿದ್ದಾರೆ, ಹತ್ತು ನಿಮಿಷದಲ್ಲಿ ಪಾಸು. ಸರ್, ನಮ್ಮ ಪ್ರಶ್ನೆ ತಪ್ಪು. ಏನು? ಹೆಂಗಸರು ಬೇಡ ಅಂತಿಲ್ಲ ಸರ್, ನಾವು ಅವರನ್ನ ಕೇಳ್ತಾನೇ ಇಲ್ಲ, ಮೊದಲು ಅದನ್ನ ನೋಡ್ಬೇಕು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು, ಸಿಂಚನ, ಇವತ್ತು ವಾಪಸ್ ತಗೊಂಡ್ರೆ ಮುಂದಿನ ವರ್ಷವೇ, ನಮಗೆ ಸಿಕ್ಕಿರೋ ಈ ಅವಕಾಶಾನ ಮೂಳೆಯವರು ತಗೊಂಡ್ಬಿಡ್ತಾರೆ, ಅಷ್ಟೊತ್ತಿಗೆ ನಾನಿರಲ್ಲ, ಬಸ್ ಸ್ಟ್ಯಾಂಡ್‌ನೋರು ಅಂತ ನಗೋರಿಗೆ ನಾವೇ ದಾರಿ ಮಾಡ್ಕೊಟ್ಟಂಗೆ, ಬರ್ದಿರೋದನ್ನ ಓದ್ಬಿಡು, ಪಾಸಾದ್ಮೇಲೆ ತಿದ್ದೋಣ. ತಿದ್ದಬಹುದೇ? ಪಾಸಾದರೆ ನಾಳೆಯಿಂದಲೇ ಎಣಿಕೆ ಶುರು, ಗಂಡ ತಲೆಯಾಡಿಸಿದರೆ ರೋಗಿ ನಿರಾಕರಿಸಿದರು, ಅತ್ತೆ ಅತ್ತರೆ ರೋಗಿ ನಿರಾಕರಿಸಿದರು, ಕೊನೆಗೆ ತನ್ನದೇ ಹೆಸರಿನ ಕೆಳಗೆ ಅಚ್ಚಾಗುತ್ತದೆ, ಹೆಂಗಸರೇ ಬೇಡವೆಂದರು, ಬೆರಳು ಹೋಯಿತು. ಕೈಗೆ ಬಂದ ತುತ್ತು, ದೇವರೇ, ಎಷ್ಟು ಆಸೆಪಟ್ಟಿದ್ದೆ, ಅವ್ವನಿಗೆ ಆಗಲೇ ಫೋನ್ ಮಾಡಿ ಹೇಳಿದ್ದೂ ಆಯಿತು. ನಿಂದೇ ಹೆಸರು, ನಿಂದೇ ತೀರ್ಮಾನ, ಎಂದರು ಸರ್, ಬೇಸರದಲ್ಲೋ ಪ್ರೀತಿಯಲ್ಲೋ ತಿಳಿಯಲಿಲ್ಲ, ಬಾಗಿಲನ್ನು ಮಾತ್ರ ಹಿಡಿದುಕೊಂಡು ನಿಂತರು.

ಚಪ್ಪಲಿ ಕಳಚಿದಳು, ಒಳಗೆ ಉದ್ದನೆ ಮೇಜು, ಬಿಸ್ಕತ್ತು, ಅಷ್ಟೂ ಮುಖಗಳು ಇತ್ತ ತಿರುಗಿ ನೋಡುತ್ತಿವೆ, ಹೇಳಿ ಡಾಕ್ಟರೇ, ಕಾಲುಂಗುರದ ಕಥೆ ತಂದಿದ್ದೀರಂತೆ, ಯಾರೋ ಮೆಲ್ಲಗೆ ನಕ್ಕರು, ಅರ್ಜಿ ವಾಪಸ್ ತಗೋತಿದ್ದೀನಿ ಸರ್, ತನ್ನದೇ ದನಿ, ಯಾಕಮ್ಮ, ಯಾಕೆ, ಈಗ ಅವರು ಕೇಳುತ್ತಿದ್ದಾರೆ ಯಾಕೆ ಎಂದು, ಹೇಳಬೇಕು, ಎಲ್ಲಿಂದ ಶುರು ಮಾಡುವುದು, ಲಿಫ್ಟಿನಿಂದಲೇ, ಗೋಡೆಯ ಕಡೆ ತಿರುಗಿದವಳಿಂದಲೇ, ತಲೆ ತಗ್ಗಿಸಿದಳು, ಮಾತು ಹುಡುಕಲು, ಕೆಂಪು ಕಾರ್ಪೆಟ್ಟಿನ ಮೇಲೆ ತನ್ನ ಬರಿಗಾಲು, ರಾತ್ರಿಯೆಲ್ಲ ಉಂಗುರ ಹಾಕಿಕೊಂಡು ಮಲಗುವ ಕಾಲು, ಎರಡನೇ ಬೆರಳು, ಅದರ ನಡುವೆ ಸುತ್ತಲೂ, ಸಣ್ಣಗೆ, ಬಿಳಿ ಗೆರೆ —