ರೇಡಿಯೋ ಅಣ್ಣನಿಗೆ ಮೂವತ್ತು ದಿನದ ಕರೆಂಟು

ನಮ್ಮ ಬೀದಿಯ ಕಟಿಂಗ್ ಅಂಗಡಿಯವನನ್ನು ಎಲ್ಲರೂ ರೇಡಿಯೋ ಅಣ್ಣ ಎಂದೇ ಕರೆಯುವುದು. ಗಿರಾಕಿಯ ತಲೆಗೆ ನೀರು ಚಿಮುಕಿಸಿದ ಗಳಿಗೆಯಿಂದ ಹೊದಿಸಿದ ಬಟ್ಟೆ ಕೊಡವುವ ತನಕ ಅವನ ಬಾಯಿಗೆ ಬಿಡುವಿಲ್ಲ. ಅಂಥವನ ದನಿ ಒಂದು ಸಲ ಕಟ್ಟಿಹೋಯಿತು. ವಾರ ಕಳೆಯಿತು, ಎರಡು ವಾರ ಕಳೆಯಿತು, ತಿಂಗಳಾದರೂ ಬಿಡಲಿಲ್ಲ.

"ಅತಿಯಾಗಿ ಮಾತಾಡಿದ್ದಕ್ಕೇ ಇದು," ಅಂದಳು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆಯಲ್ಲೇ ಇದ್ದಾಳೆ. ಆ ಮನೆಯಲ್ಲಿ ಕೊನೆಯ ಮಾತು ಅವಳದೇ. "ಬಿಸಿನೀರು ಕುಡಿ, ಬಾಯಿ ಮುಚ್ಕೊಂಡಿರು. ತಾನಾಗೇ ಹೋಗತ್ತೆ."

ಹೋಗಲಿಲ್ಲ. ಹೆಂಡತಿ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಗಂಟಲೊಳಗೆ ಸಣ್ಣ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಕೂರಿಸಿಕೊಂಡು ಹೇಳಿದರು:

"ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇದೆ. ಆದ್ರೆ ಇನ್ನೂ ಸಣ್ಣದು, ಬೇಗ ಬಂದಿದ್ದೀರಿ. ಮೂವತ್ತು ದಿನ ರೇಡಿಯೇಶನ್ ತಗೊಳ್ಳಿ, ವಾಸಿಯಾಗೋ ಭರವಸೆ ತುಂಬಾ ಇದೆ. ಸಿಗರೇಟು ಮಾತ್ರ ಇವತ್ತೇ ಬಿಡಬೇಕು."

"ರೇಡಿಯೋಗೆ ರೇಡಿಯೇಶನ್ನೇ ಸರಿ ಬಿಡಿ," ಎಂದು ಅವನು ಗೊಗ್ಗರು ದನಿಯಲ್ಲೇ ನಗಿಸಲು ನೋಡಿದ. ಹೆಂಡತಿ ನಗಲಿಲ್ಲ.

ಅವನ ಮುಖ, ಕತ್ತಿನ ಅಳತೆಗೆ ಬಲೆಯಂಥ ಮುಖವಾಡ ತಯಾರಾಯಿತು. ದಿನಾ ಬೆಳಿಗ್ಗೆ ಮೇಜಿನ ಮೇಲೆ ಮಲಗಿಸಿ, ಮುಖವಾಡ ಬಿಗಿದು, ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚುತ್ತಿದ್ದರು. ಯಂತ್ರ ನಡೆಸುವ ಹುಡುಗಿ ಹೊರಗಿನಿಂದ ಮೈಕಿನಲ್ಲಿ, "ಅಲ್ಲಾಡಬೇಡಿ ಅಣ್ಣ," ಅನ್ನುತ್ತಿದ್ದಳು. ಅದೇ ಮಾತನ್ನು ಮೂವತ್ತು ವರ್ಷ ಬೀದಿಯವರಿಗೆಲ್ಲ ಹೇಳಿಕೊಂಡು ಬಂದವನಿಗೆ ಮೊದಲ ದಿನ ಆ ಭಯದಲ್ಲೂ ನಗು ಬಂತು. ನಗುವ ಹಾಗಿರಲಿಲ್ಲ. ಯಂತ್ರ ಗುಂಯ್ ಎಂದು ಸುತ್ತಿತು. ನೋವಿಲ್ಲ, ಬಿಸಿಯಿಲ್ಲ. ತನ್ನ ಗಿರಾಕಿ ಅಂಚೆಯವರ ನೆತ್ತಿ ಬೋಳಾಗುತ್ತಿರುವುದು ಅವರಿಗೇ ಕಾಣದಂತೆ ಕೂದಲು ಹೇಗೆ ಬಾಚುವುದು ಎಂದು ಯೋಚಿಸುವಷ್ಟರಲ್ಲಿ ಮುಗಿದೇ ಹೋಗಿತ್ತು.

ಅವನಿಗೆ ಕಸಿವಿಸಿಯಾದದ್ದು ಒಂದೇ ನಿಯಮಕ್ಕೆ. ಕತ್ತಿನ ಮೇಲೆ ಬ್ಲೇಡು ಆಡಿಸುವಂತಿಲ್ಲ, ಪೌಡರು, ಸೆಂಟು ಹಾಕುವಂತಿಲ್ಲ. ಊರವರ ಗಡ್ಡ ಬೋಳಿಸುವವನು ತಾನು ಕುರುಚಲು ಗಡ್ಡ ಬಿಟ್ಟುಕೊಂಡು ಓಡಾಡಬೇಕಾಯಿತು.

ಮೂರನೇ ವಾರಕ್ಕೆ ಕಷ್ಟ ಶುರುವಾಯಿತು. ಗಂಟಲು ಉರಿ. ಅನ್ನ ನುಂಗಿದರೆ ಮುಳ್ಳು ನುಂಗಿದ ಹಾಗೆ. ಕತ್ತಿನ ಚರ್ಮ ಕಪ್ಪಾಯಿತು. ಉಳಿದಿದ್ದ ದನಿಯೂ ನಿಂತುಹೋಯಿತು.

"ಕರೆಂಟ್ ಇಟ್ಟೂ ಇಟ್ಟೂ ಒಳಗೆಲ್ಲ ಸುಟ್ಟುಬಿಟ್ರು!" ಎಂದು ಅಕ್ಕ ಹಣೆ ಚಚ್ಚಿಕೊಂಡಳು. "ಮೊಮ್ಮಗೂನ ಮಾತ್ರ ಮುಟ್ಟಬೇಡಪ್ಪ. ಮೈಯಿಂದ ಕಿರಣ ಹೊರಗೆ ಬರುತ್ತಂತೆ."

ಅವನ ತಟ್ಟೆ ಬೇರೆಯಾಯಿತು, ಕೋಣೆ ಬೇರೆಯಾಯಿತು. ಮನೆಯಲ್ಲೇ ಇದ್ದ ಮಗಳ ಎಂಟು ತಿಂಗಳ ಕೂಸು ಅಂಬೆಗಾಲಿಟ್ಟು ತಾತನ ಕೋಣೆಗೆ ಬಂದರೆ ಅವನೇ ಬಾಗಿಲು ಹಾಕಿಕೊಳ್ಳುತ್ತಿದ್ದ. ಮಗು ಆಚೆಯಿಂದ ಬಾಗಿಲು ಬಡಿಯುತ್ತಿತ್ತು, ಅವನು ಈಚೆ ಕೂತು ಕೇಳುತ್ತಿದ್ದ. ಗಿರಾಕಿಗಳನ್ನು ಮುಟ್ಟಲೂ ಅಂಜಿ ಅಂಗಡಿ ಮುಚ್ಚಿದ. ಹದಿನಾರನೇ ದಿನ, "ಸಾಕು, ನಾನಿನ್ನು ಹೋಗಲ್ಲ," ಎಂದು ಚೀಟಿ ಬರೆದು ಹೆಂಡತಿಯ ಕೈಗಿಟ್ಟ.

ಹನ್ನೊಂದು ಗಂಟೆಗೆ ಫೋನ್ ಬಂತು. ಯಂತ್ರದ ಹುಡುಗಿ. "ಅತ್ತಿಗೆ, ಅಣ್ಣ ಯಾಕೆ ಬಂದಿಲ್ಲ? ಹುಷಾರಿದ್ದಾರಾ?"

ಹೆಂಡತಿ ಅಳುತ್ತಾ ಎಲ್ಲ ಹೇಳಿದಳು.

"ಈಗಲೇ ಕರ್ಕೊಂಡು ಬನ್ನಿ ಅತ್ತಿಗೆ. ಹೆದರಿಕೊಂಡಿರೋ ಅವರ ಅಕ್ಕನೂ ಬರಲಿ."

ಅಕ್ಕ ಜಗಳಕ್ಕೆ ಸಿದ್ಧಳಾಗಿಯೇ ಬಂದಳು. "ನೀನೇ ಹೇಳಮ್ಮ. ಕಿರಣ ಅಪಾಯ ಅಲ್ಲದಿದ್ರೆ ನೀವೆಲ್ಲ ಯಾಕೆ ಹೊರಗೆ ಓಡ್ತೀರಿ?"

"ಒಳ್ಳೆ ಪ್ರಶ್ನೆ ಅಮ್ಮ," ಅಂದಳು ಹುಡುಗಿ. "ಅಣ್ಣನಿಗೆ ಎಷ್ಟು ಬೇಕೋ ಅಷ್ಟು ಅಳೆದು ಕೊಡ್ತೀವಿ. ನನಗೆ ಅದು ಬೇಡ. ದಿನಾ ಬರೋ ಅಷ್ಟು ಜನರ ಜೊತೆ ನಾನೂ ಒಳಗೇ ನಿಂತ್ರೆ ಬೇಡದ್ದು ನನ್ನ ಮೈಗೂ ಸೇರತ್ತೆ. ಅದಕ್ಕೇ ಹೊರಗೆ ಹೋಗೋದು."

"ಹಾಗಾದ್ರೆ ಇವನ ಮೈಯೊಳಗೆ ಸೇರಿದ್ದು?"

"ರೂಮಿನ ದೀಪ ಆರಿಸಿದ ಮೇಲೆ ಬೆಳಕು ಗೋಡೆಯಲ್ಲಿ ಉಳಿಯುತ್ತಾ?"

"ಇಲ್ಲ."

"ಇದೂ ಹಾಗೇ. ಯಂತ್ರ ನಿಂತ್ರೆ ಕಿರಣ ಇಲ್ಲ. ನಿಂತ ಕೂಡಲೇ ಒಳಗೆ ಹೋಗಿ ಮುಖವಾಡ ಬಿಚ್ಚೋದು ಇದೇ ಕೈ. ಸಂಜೆ ಮನೆಗೆ ಹೋಗಿ ನನ್ನ ಮಗಳಿಗೆ ತುತ್ತು ಕೊಡೋದೂ ಇದೇ ಕೈ."

ಅಕ್ಕ ಆ ಕೈಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮತ್ತೆ ಗಂಟಲು ಉರಿಯೋದು?"

"ಅದು ಚಿಕಿತ್ಸೆ ಮುಗಿದ ಕೆಲವು ವಾರಕ್ಕೆ ಇಳಿಯತ್ತೆ. ಆದ್ರೆ ಹೇಳದೆ ಒದ್ದಾಡಬಾರದು, ಅದಕ್ಕೂ ಔಷಧಿ ಇದೆ. ನಡುವೆ ಬಿಟ್ರೆ ಮಾತ್ರ ಗಡ್ಡೆ ಮತ್ತೆ ಚಿಗುರೋಕೆ ನಾವೇ ಬಿಡುವು ಕೊಟ್ಟ ಹಾಗೆ."

ರೇಡಿಯೋ ಅಣ್ಣ ಎದ್ದು ಮೇಜಿನ ಕಡೆ ನಡೆದ.

ಡಾಕ್ಟರು ನೋವಿಗೆ ಔಷಧಿ ಬರೆದರು, ಬಾಯಿ ಮುಕ್ಕಳಿಸಲು ಔಷಧಿಯ ನೀರು ಕೊಟ್ಟರು, ಮೆತ್ತಗಿನ ಊಟ ಹೇಳಿದರು. ಅಂದು ಸಂಜೆ ಅಕ್ಕನೇ ಕೂಸನ್ನು ಎತ್ತಿಕೊಂಡು ಬಂದು ತಮ್ಮನ ತೊಡೆಯ ಮೇಲೆ ಕೂರಿಸಿದಳು. ಮಗು ಎರಡೂ ಕೈಯಲ್ಲಿ ತಾತನ ಗಡ್ಡ ಹಿಡಿದು ಜಗ್ಗಿತು. ಅವನ ಕಣ್ಣಿಂದ ನೀರು ಸುರಿಯಿತು. ಗಡ್ಡ ಎಳೆದ ನೋವಿಗೆ ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಅಂಗಡಿ ಅರ್ಧ ದಿನ ತೆರೆಯಿತು. ಗಿರಾಕಿಗಳು ಹಿಂಜರಿದರೆ ಬೆಂಚಿನ ಮೇಲೆ ಕೂತ ಅಕ್ಕ ಬಿಡುತ್ತಿರಲಿಲ್ಲ. "ಕಿರಣಾನೂ ಇಲ್ಲ, ಅಂಟೋದೂ ಇಲ್ಲ. ನಾನೇ ಕೇಳಿಕೊಂಡು ಬಂದಿದ್ದೀನಿ, ಸುಮ್ನೆ ಕೂತ್ಕೊಳ್ರಿ!" ತಮ್ಮನ ಪಾಲಿನ ಮಾತನ್ನೆಲ್ಲ ಅವಳೇ ಆಡಿದಳು.

ಮೂವತ್ತು ದಿನ ಮುಗಿಯಿತು. ಮೂರು ತಿಂಗಳ ಮೇಲೆ ಡಾಕ್ಟರು ಮತ್ತೆ ಕೊಳವೆ ಇಳಿಸಿ ನೋಡಿದರು. ಅವನು ಹೊರಗೆ ಬಂದಾಗ ಹೆಂಡತಿ, ಅಕ್ಕ ಇಬ್ಬರೂ ಎದ್ದು ನಿಂತರು. ದನಿ ಆಗಲೇ ಮರಳಿತ್ತು, ಆದರೂ ಅವನು ಮೊದಲು ಹೆಂಡತಿಯ ಕೈ ಹಿಡಿದುಕೊಂಡ.

"ಬಾಯಿ ಬಿಟ್ಟು ಹೇಳೋ, ಏನಂದ್ರು?" ಅಕ್ಕ ಗದರಿದಳು.

"ಏನೂ ಇಲ್ವಂತೆ ಕಣಕ್ಕ. ಗಂಟಲು ಕ್ಲೀನಾಗಿದೆಯಂತೆ."

ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಜೋರಾಗಿ ನಕ್ಕಳು.

ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲಿ ಯಾರದಾದರೂ ದನಿ ಮೂರು ವಾರವಾದರೂ ಕಟ್ಟಿಕೊಂಡೇ ಇದ್ದರೆ ಡಾಕ್ಟರಿಗೆ ತೋರಿಸಿ. ರೇಡಿಯೇಶನ್ ನಡೆಯುತ್ತಿದ್ದರೆ ಒಂದು ದಿನವೂ ತಪ್ಪಿಸಬೇಡಿ. ಹೊರಗಿನ ಯಂತ್ರದಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಕುಡಿಯಲು ಕೊಡುವ, ಮೈಯೊಳಗೆ ಇಡುವ ಬೇರೆ ಬಗೆಯ ಚಿಕಿತ್ಸೆಯಾದರೆ ಎಷ್ಟು ದಿನ ದೂರವಿರಬೇಕೆಂದು ಡಾಕ್ಟರನ್ನೇ ಕೇಳಿ. ಸಂಶಯ ಬಂದರೆ ಬೀದಿಯಲ್ಲಿ ಕೇಳಬೇಡಿ, ಆಸ್ಪತ್ರೆಯಲ್ಲಿ ಕೇಳಿ. ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡಿ.